ಬಸವಕ್ಕ ನೀರಿಗೆ ಬಿಟ್ಟ ಪುಸ್ತಕ

ಆದೋನಿಯ ಗಿರಣಿ ಸಾಲಿನ ಹೆಂಗಸರು ಬಸವಕ್ಕನನ್ನು ಕಂಡರೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. "ಬಂದ್ಲು ನೋಡ್ರಿ, ದೇವರ ಕಸ ಹೊಡೆಯೋಳು" ಎನ್ನುತ್ತಿದ್ದರು. ನಗಲಿ ಬಿಡಿ, ನಗುವವರಿಗೇನು? ಊರವರು ಗಾಜು ಒಡೆದ ದೇವರ ಪಟ, ಮೂಗು ಮುರಿದ ಮಣ್ಣಿನ ಗೌರಿ, ಹುಳ ಹಿಡಿದ ಪುರಾಣದ ಪುಸ್ತಕ, ಹೀಗೆ ಮನೆಯಲ್ಲಿ ಇಡಲೂ ಆಗದ, ಬೀದಿಗೆ ಎಸೆಯಲೂ ಆಗದ ಸಾಮಾನನ್ನೆಲ್ಲ ತಂದು ಕೋಟೆ ಗುಡ್ಡದ ಕೆಳಗಿನ ಅರಳಿ ಕಟ್ಟೆಯ ಮೇಲೆ ಇಟ್ಟು, ಕೈ ಮುಗಿದು ಹೋಗಿಬಿಡುತ್ತಿದ್ದರು. ಆಮೇಲೆ ಆ ದೇವರುಗಳ ಗತಿ ಏನಾಯಿತೆಂದು ಕೇಳಿದವರಿಲ್ಲ. ಕೇಳಿದವಳು ಬಸವಕ್ಕ ಒಬ್ಬಳೇ.

ಇದು ಅವಳಿಗೆ ತವರಿನಿಂದ ಬಂದ ಬಳುವಳಿ. ಕೋಸಗಿಯಲ್ಲಿ ಅವಳ ತಾಯಿ ಊರಮ್ಮ ಹೀಗೆ ಬಿಟ್ಟುಹೋದ ದೇವರನ್ನೆಲ್ಲ ಬುಟ್ಟಿಯಲ್ಲಿ ತುಂಬಿಕೊಂಡು ತುಂಗಭದ್ರೆಯವರೆಗೆ ನಡೆದುಹೋಗಿ ಹೊಳೆಗೆ ಬಿಟ್ಟು ಬರುತ್ತಿದ್ದಳು. ಅದಕ್ಕೊಂದು ಕಟ್ಟುಪಾಡಿತ್ತು. ಗಂಟು ಸಿಕ್ಕರೆ ಬಿಚ್ಚಬಾರದು. ಯಾರ ಮನೆಯ ಹರಕೆಯೋ, ಬಿಚ್ಚಿದವರ ತಲೆಗೆ ಬರುತ್ತದೆ. ಒಮ್ಮೆ ನೀರಿಗೆ ಬಿಟ್ಟದ್ದನ್ನು ಯಾವ ಕಾರಣಕ್ಕೂ ಮೇಲೆತ್ತಬಾರದು. ಮದುವೆಯಾಗಿ ಬಂದ ಆದೋನಿಯಲ್ಲಿ ಹೊಳೆ ಎಲ್ಲಿಂದ ತರಬೇಕು? ಬಸವಕ್ಕ ಗುಡ್ಡದ ಮಗ್ಗುಲಲ್ಲಿ ಯಾರೂ ನೀರು ಸೇದದ ಹಳೆಯ ಬಾವಿಯೊಂದನ್ನು ಹಿಡಿದಿದ್ದಳು. ಅಮಾವಾಸ್ಯೆ ಬಂತೆಂದರೆ ಬೆಳಗಿನ ಗಿರಣಿ ಕೂಗುವ ಮುಂಚೆಯೇ ಕಟ್ಟೆ ಗುಡಿಸಿ, ಸಿಕ್ಕಿದ್ದಕ್ಕೆಲ್ಲ ಒಂದೊಂದು ಕಲ್ಲು ಕಟ್ಟಿ, ಅರಿಶಿನ ಹಾಕಿ, "ಹೋಗಿ ಬರ್ರಪಾ" ಎಂದು ಹೇಳಿ ಕಳಿಸುತ್ತಿದ್ದಳು. ಆಮೇಲೆ ಬಂದು ಗಿರಣಿಯ ಅಂಗಳದಲ್ಲಿ ಕುಳಿತು ದಿನವೆಲ್ಲ ಹತ್ತಿಯೊಳಗಿನ ಎಲೆಚೂರು ಆರಿಸುವುದು.

ಅವಳ ಗಂಡ ಯರ್ರೆಪ್ಪ ಅದೇ ಗಿರಣಿಯ ಒಳಗೆ, ಹತ್ತಿಯಿಂದ ಬೀಜ ಬಿಡಿಸುವ ಯಂತ್ರಕ್ಕೆ ಹತ್ತಿ ಉಣಿಸುವವನು. ಹುಡುಗನಾಗಿದ್ದಾಗಿನಿಂದ ಅದೇ ಕೆಲಸ. ಒಂದು ಕಾಲಕ್ಕೆ ಭಜನೆಯಲ್ಲಿ ಅವನು ದನಿ ಎತ್ತಿದರೆ ಮಗ್ಗುಲ ಓಣಿಯವರೂ ಬಂದು ಕೂರುತ್ತಿದ್ದರು. ಈಗೀಗ ಭಜನೆಗೂ ಹೋಗುವುದನ್ನು ಬಿಟ್ಟಿದ್ದ. ಮನೆಯಲ್ಲಂತೂ ಮಾತೇ ನಿಂತುಹೋಗಿತ್ತು. ಮೇಸ್ತ್ರಿ ಕರೆದರೆ "ಬಂದೇರಿ" ಎಂದು ಓಡುವ ಗಂಡ, ಒಲೆಯ ಮುಂದಿನಿಂದ ಹೆಂಡತಿ ಕೂಗಿದರೆ ಗೋಡೆ ನೋಡುತ್ತ ಕೂತಿರುತ್ತಿದ್ದ. ಮಕ್ಕಳಿಲ್ಲದ ಮನೆ, ಇದ್ದದ್ದು ಇಬ್ಬರು. ತಾನು ಹಳೆಯವಳಾದೆ, ಅವನಿಗೆ ಬೇಡವಾದೆ ಎಂದೇ ಬಸವಕ್ಕ ತಿಳಿದಿದ್ದಳು. ಅದನ್ನು ಯಾರ ಮುಂದೆಯೂ ಆಡದೆ ಹೊಟ್ಟೆಯಲ್ಲಿ ಇಟ್ಟುಕೊಂಡು ಒಳಗೊಳಗೇ ಸವೆದಿದ್ದಳು.

ಹೀಗಿರುವಾಗ ಪೇಟೆಯ ವಾಚನಾಲಯದವರಿಗೆ ಒಂದು ಹುರುಪು ಬಂತು. ಯುದ್ಧದ ಸುದ್ದಿ ಓದಿ ಓದಿ ಬೇಸತ್ತಿದ್ದರೋ ಏನೋ, ವಾರ್ಷಿಕೋತ್ಸವಕ್ಕೆ ಹುಬ್ಬಳ್ಳಿ ಕಡೆಯ ದೊಡ್ಡ ಗಾಯಕಿಯೊಬ್ಬಳ ಕಚೇರಿ ಇಟ್ಟುಕೊಂಡರು. ಯರ್ರೆಪ್ಪ ಆಕೆಯ ಹಾಡನ್ನು ಹಿಂದೆ ಸ್ಟೇಷನ್ ಹೋಟೆಲಿನ ಗ್ರಾಮಫೋನಿನಲ್ಲಿ ಕೇಳಿ, ಚಹಾ ಆರಿದ್ದೂ ತಿಳಿಯದೆ ಕೂತಿದ್ದವನು. ಆದರೆ ಕಚೇರಿಯ ಟಿಕೇಟು ಗಿರಣಿ ಕೂಲಿಯವರ ಕೈಗೆ ಎಟುಕುವಂಥದಲ್ಲ. ವಾಚನಾಲಯದ ಕಾರ್ಯದರ್ಶಿ ಶ್ರೀರಾಮುಲು ಮದ್ರಾಸಿನಲ್ಲಿ ಓದಿ ಬಂದವರು; ಅಲ್ಲೆಲ್ಲೋ ನೋಡಿದ ಆಟವೊಂದನ್ನು ಇಲ್ಲಿಗೂ ತಂದರು. ಕೆಲವು ಪುಸ್ತಕಗಳೊಳಗೆ ಮುಂದಿನ ಸಾಲಿನ ಒಂದೊಂದು ಟಿಕೇಟು ಇಟ್ಟು, ಧೂಳು ಕೂರದಂತೆ ಕೆಂಪು ಬಟ್ಟೆಯಲ್ಲಿ ಸುತ್ತಿ, ಊರಿನ ಮೂಲೆ ಮೂಲೆಯಲ್ಲಿ ಬಚ್ಚಿಡುವುದು. ಎಲ್ಲೆಲ್ಲಿ ಎಂಬುದಕ್ಕೆ ಒಗಟಿನಂಥ ಸಾಲುಗಳನ್ನು ಬರೆದು ಗೋಡೆಗೆ ಅಂಟಿಸುವುದು. ಹುಡುಕಿದವರಿಗೆ ಪುಸ್ತಕವೂ ಅವರದೇ, ಟಿಕೇಟೂ ಅವರದೇ.

ಕೆಂಪು ಬಟ್ಟೆ ಸುತ್ತಿದ ಪುಸ್ತಕವೆಂದರೆ ಈ ಸೀಮೆಯ ಜನ ಏನು ತಿಳಿಯುತ್ತಾರೆ ಎಂಬುದು ಮದ್ರಾಸಿನಲ್ಲಿ ಓದಿದವರಿಗೆ ಹೊಳೆಯಬೇಡವೇ? ಹೊಳೆಯಲಿಲ್ಲ. ಅವರು ಸಂಜೆ ಪುಸ್ತಕಗಳನ್ನು ಬಚ್ಚಿಟ್ಟರು. ಮರುದಿನ ಅಮಾವಾಸ್ಯೆ. ಡಂಗುರ ಹೊಡೆಯುವ ಮೊದಲೇ, ಗೋಡೆಗೆ ಕಾಗದ ಅಂಟಿಸುವ ಮೊದಲೇ ಬಸವಕ್ಕ ಕಟ್ಟೆಗೆ ಹೋದಳು. ಒಡೆದ ಪಟಗಳ ನಡುವೆ ಹೊಸ ಕೆಂಪು ಗಂಟು ಕೂತಿತ್ತು. ಯಾವ ಮನೆಯ ಪುರಾಣವೋ, ಓದುವವರು ತೀರಿಕೊಂಡರೋ ಏನೋ ಎಂದು ಅವಳ ಮನಸ್ಸು ಮರುಗಿತು. ಗಂಟು ಬಿಚ್ಚಲಿಲ್ಲ. ಎಲ್ಲದಕ್ಕಿಂತ ಚಂದದ ಕಲ್ಲು ಆರಿಸಿ ಅದಕ್ಕೆ ಕಟ್ಟಿ, ಬಾವಿಗೆ ಬಿಟ್ಟು, ಗಿರಣಿಗೆ ಹೋದಳು.

ಅಂದು ಸಂಜೆ ಯರ್ರೆಪ್ಪ ಮನೆಗೆ ತಡವಾಗಿ ಬಂದ. ಓಡಿ ಬಂದವನಂತೆ ಏದುಸಿರು ಬಿಡುತ್ತಿದ್ದ. ಬಾಗಿಲಲ್ಲೇ ನಿಂತು ಕೇಳಿದ.

"ಮುಂಜಾನಿ ಕಟ್ಟಿಗಿ ಹೋಗಿದ್ದೇನ?"

"ಹೋಗಿದ್ದೆ. ಅಮಾಸಿ ಅಲ್ಲೇನು ಇವತ್ತು?"

"ಕೆಂಪು ಬಟ್ಟಿ ಗಂಟು ಇತ್ತೇನು ಅಲ್ಲಿ?"

"ಇತ್ತು. ಯಾರ ಮನಿ ಪುರಾಣಾನೋ. ನೀರಿಗಿ ಬಿಟ್ಟೆ."

ಯರ್ರೆಪ್ಪ ಒಳಗೆ ಬಂದು ಗೋಡೆಗೆ ಒರಗಿ ಕೂತ. ವಾಚನಾಲಯದವರು ಅಂಟಿಸಿದ ಕಾಗದದಲ್ಲಿ 'ಪೂಜೆಯಿಲ್ಲದ ದೇವರು ಕೂತಲ್ಲಿ ಹುಡುಕಿರಿ' ಎಂದು ಬರೆದಿತ್ತಂತೆ. ಊರೆಲ್ಲ ಹಾಳು ಗುಡಿಗಳ ಕಡೆ ಓಡಿದರೆ, ಬಸವಕ್ಕನ ಗಂಡನಿಗೆ ಮಾತ್ರ ಅದು ಅರಳಿ ಕಟ್ಟೆ ಎಂದು ಆ ಕ್ಷಣವೇ ತಿಳಿದುಹೋಯಿತು. ಹೋಗಿ ನೋಡಿದರೆ ಕಟ್ಟೆ ಗುಡಿಸಿ ಸ್ವಚ್ಛವಾಗಿತ್ತು. ಗುಡಿಸಿದವರು ಯಾರೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಇಷ್ಟು ಹೇಳಿ ಸುಮ್ಮನಾಗಿಬಿಟ್ಟ. ಆ ಸುಮ್ಮನಿರುವಿಕೆಯೇ ಅವಳಿಗೆ ಸಾಕಾಗಿಹೋಗಿತ್ತು. ಎಷ್ಟೋ ವರ್ಷದ್ದು ಒಮ್ಮೆಲೇ ಬಾಯಿಗೆ ಬಂತು.

"ನನ್ ಕೂಡ ಮಾತಾಡಿದ್ರ ಬಾಯಾಗಿನ ಮುತ್ತು ಉದುರ್ತಾವೇನು? ಮೇಸ್ತ್ರಿ ಕರದ್ರ ಓಡ್ತೀರಿ. ನಾ ಗಂಟಲು ಹರ್ಕೊಂಡ್ರೂ ತಿರುಗಿ ನೋಡಂಗಿಲ್ಲ. ನಾ ಏನ್ ಪಾಪ ಮಾಡೀನಿ?"

ಯರ್ರೆಪ್ಪ ಅವಳ ಬಾಯಿಯನ್ನೇ ನೋಡುತ್ತಿದ್ದ. ಕಣ್ಣನ್ನಲ್ಲ, ಬಾಯಿಯನ್ನು. ಅದನ್ನು ಬಸವಕ್ಕ ಗಮನಿಸಿದ್ದು ಅಂದೇ.

"ಬಸವೀ, ನಿನ್ನ ದನಿ ನನಗ ಕೇಳಂಗಿಲ್ಲ" ಎಂದ. "ಗಿರಣಿ ನನ್ನ ಕಿವಿ ತಿಂದುಬಿಟ್ಟೈತಿ. ಗಂಡಸ್ರ ದಪ್ಪನ ಮಾತು ಕೇಳ್ತೈತಿ. ಸಣ್ಣ ದನಿ ಮೊದ್ಲು ಹೋತು. ಗುಬ್ಬಿ ಹೋದ್ವು, ನಿನ್ನ ಬಳಿಗಳ ಸಪ್ಪಳ ಹೋತು, ಆಮ್ಯಾಲೆ ನೀನೂ ಹೋದಿ. ಎಡಗಿವಿ ಪೂರಾ ಮುಚ್ಚೈತಿ. ಬಲಗಿವ್ಯಾಗ ಒಂದೀಟು ಉಳದೈತಿ. ಅದೂ ಮುಚ್ಚೋದ್ರೊಳಗ ಆಕಿ ಹಾಡು ಒಮ್ಮಿ ಕೇಳ್ಬೇಕು ಅಂತಿತ್ತು. ಹೊರಗ ನಿಂತ್ರ ನನಗ ಕೇಳಂಗಿಲ್ಲ, ಮುಂದ ಕುಂದ್ರಬೇಕು. ಹೋಗ್ಲಿ ಬಿಡು. ಯಾರ ಮುಂದೂ ಅನಬ್ಯಾಡ. ಮೇಸ್ತ್ರಿಗಿ ತಿಳದ್ರ ಕೆಲಸ ಹೋಗ್ತೈತಿ."

ಬಸವಕ್ಕ ಒಲೆಯ ಮುಂದೆ ಕೂತು ಅತ್ತಳು. ಗಂಡನಿಗೆ ತಾನು ಬೇಡವಾಗಿರಲಿಲ್ಲ ಎಂಬ ಸಮಾಧಾನಕ್ಕೂ ಅತ್ತಳು, ಅಷ್ಟು ವರ್ಷ ಅವನನ್ನು ಮನಸ್ಸಿನಲ್ಲೇ ಶಪಿಸಿದ್ದಕ್ಕೂ ಅತ್ತಳು. ಕೊನೆಗೆ ಉಳಿದದ್ದು ಒಂದೇ ಸಂಕಟ: ಪಾಪ, ಅವನು ಬೇಡಿದ್ದು ಒಂದು ಹಾಡು, ಅದನ್ನೂ ತಾನೇ ಕಲ್ಲು ಕಟ್ಟಿ ಮುಳುಗಿಸಿ ಬಂದಿದ್ದಳು.

ಮರುದಿನ ಗಿರಣಿಗೆ ಹೋಗದೆ ನೇರ ವಾಚನಾಲಯಕ್ಕೆ ಹೋದಳು. ಶ್ರೀರಾಮುಲು ಕೆಟ್ಟವರಲ್ಲ. ಎಲ್ಲ ಕೇಳಿ ನಕ್ಕರು, ಆಮೇಲೆ ನಗಬಾರದಿತ್ತು ಎನಿಸಿ ಕನ್ನಡಕ ಒರೆಸಿಕೊಂಡು, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು.

"ಅಯ್ಯೋ ರಾಮಾ, ಎಂಥ ಪನಿ ಮಾಡಿದಿ ತಾಯೀ. ಆದ್ರ ರೂಲ್ಸು ರೂಲ್ಸೇ ಕದಾ? ಪುಸ್ತಕ ತಂದು ತೋರಿಸಿದೋರಿಗೇ ಟಿಕೇಟು. ಸುಮ್ಮನ ಕೊಟ್ರ ನಾಳೆ ಊರೆಲ್ಲ ಬಾವಿಗಿ ಬಿಟ್ಟೀವಿ ಅಂತ ಬರ್ತಾರ."

"ತಂದ್ರ ಕೊಡ್ತೀರೇನ್ರಿ?"

"ತಂದ್ರ ಕೊಡ್ತೀನಮ್ಮಾ, ನಿಜಂಗಾ."

ಬಸವಕ್ಕ ಪಕ್ಕದ ಮನೆಯ ಹುಸೇನಮ್ಮನ ಬಳಿ ಹೋಗಿ ಪಾತಾಳ ಗರಡಿ ಕೇಳಿದಳು. ಬಾವಿಗೆ ಬಿದ್ದ ಕೊಡ ಎತ್ತುವ, ಸುತ್ತಲೂ ಕೊಕ್ಕೆಗಳಿದ್ದ ಕಬ್ಬಿಣ ಅದು. ಗುಟ್ಟು ಹೇಳದೆ, ಬಿಟ್ಟದ್ದೊಂದನ್ನು ಎತ್ತಬೇಕಾಗಿದೆ ಎಂದಳು. 'ದೇವರ ಕಸ' ಎಂದು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಹುಸೇನಮ್ಮನೇ. ಅವಳೂ ಅಂದು ನಗಲಿಲ್ಲ.

"ಬ್ಯಾಡ ಬಸವಕ್ಕ. ನಿಮ್ಮವ್ವ ಇದ್ದಿದ್ರ ಒಪ್ತಿದ್ಲೇನು? ಕೊಟ್ಟಿದ್ದನ್ನ ಕಸಗೊಂಡಂಗ ಆಗ್ತೈತಿ."

"ಗೊತ್ತೈತಿ. ಕೊಡು ಹುಸೇನಮ್ಮಾ."

ಹುಸೇನಮ್ಮ ಗರಡಿಯನ್ನೂ ಕೊಟ್ಟಳು, ಹಗ್ಗ ಹಿಡಿಯಲು ತಾನೂ ಹೋದಳು. ನಗುವವರ ಬಾಯಿ ಒಂದು, ಕೈ ಇನ್ನೊಂದು. ನಮ್ಮ ಓಣಿಗಳಲ್ಲಿ ಹಾಗೆಯೇ.

ಗರಡಿ ಇಳಿಸಿದರೆ ಮೊದಲು ಬಂದದ್ದು ಪಟದ ಕಟ್ಟು. ಆಮೇಲೆ ಬಣ್ಣ ಹೋಗಿ ಕಣ್ಣಷ್ಟೇ ಉಳಿದಿದ್ದ ಲಕ್ಷ್ಮಿ. ತಾನೇ ಅರಿಶಿನ ಹಾಕಿ ಕಳಿಸಿದವರೆಲ್ಲ ಕೆಸರು ಮೆತ್ತಿಕೊಂಡು ಒಬ್ಬೊಬ್ಬರಾಗಿ ಬೆಳಕಿಗೆ ಬಂದರು. ಪ್ರತಿ ಸಲವೂ ಬಸವಕ್ಕ ಕೊಕ್ಕೆ ಬಿಡಿಸಿ, ಹಣೆಗೆ ಒತ್ತಿಕೊಂಡು, "ನಿಮ್ಮನ್ನ ಕರೀಲಿಲ್ರಪಾ, ಸಿಟ್ಟಾಗಬ್ಯಾಡ್ರಿ" ಎಂದು ತಿರುಗಿ ಬಿಟ್ಟಳು. ತಾಯಿ ಹೇಳಿದ್ದು ಅವಳಿಗೆ ನೆನಪಿರಲಿಲ್ಲ ಎಂದಲ್ಲ. ಬರುವ ಪಾಪ ತನ್ನ ಮೇಲೆ ಬರಲಿ, ಅವನ ಕಿವಿಯ ಮೇಲೆ ಬರುವುದು ಬೇಡ ಎಂದು ಬೇಡಿಕೊಳ್ಳುತ್ತಲೇ ಹಗ್ಗ ಎಳೆದಳು. ಬಿಸಿಲು ನೆತ್ತಿಯಿಂದ ಇಳಿದ ಮೇಲೆ ಕೆಂಪು ಗಂಟು ಬಂತು.

ಪುಸ್ತಕ ನೀರು ಕುಡಿದು ಉಬ್ಬಿತ್ತು. ಹಾಳೆಗಳ ನಡುವೆ ದಪ್ಪ ಕಾಗದದ ಟಿಕೇಟು ಇತ್ತು. ಅಚ್ಚಿನ ಅಕ್ಷರಗಳು ಉಳಿದಿದ್ದವು, ಮಸಿಯಲ್ಲಿ ಬರೆದಿದ್ದ ಕುರ್ಚಿಯ ನಂಬರು ತೊಳೆದುಹೋಗಿತ್ತು. ಶ್ರೀರಾಮುಲು ಮಾತು ತಪ್ಪಲಿಲ್ಲ. ನಂಬರು ಇಲ್ಲದ್ದಕ್ಕೆ ಚಿಂತೆ ಬೇಡ, ಎಲ್ಲಾದರೂ ಕೂಡಿಸುತ್ತೇನೆ ಎಂದರು. ಟಿಕೇಟು ನೋಡಿ ಯರ್ರೆಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಎಲ್ಲಿಂದ ತಂದೆ ಎಂದು ಕೇಳಲಿಲ್ಲ. ಅವಳ ಅಂಗೈಯಲ್ಲಿ ಹಗ್ಗ ಕೊರೆದ ಗಾಯ ನೋಡಿ ತಿಳಿದುಕೊಂಡ. ಅಂದಿನಿಂದ ಕಚೇರಿಯವರೆಗೆ, ಉಳಿದದ್ದಾದರೂ ಉಳಿಯಲಿ ಎಂದು, ಗಿರಣಿಯಲ್ಲಿ ಬಲಗಿವಿಗೆ ಎಣ್ಣೆಹತ್ತಿ ತುರುಕಿಕೊಂಡೇ ಕೆಲಸ ಮಾಡಿದ. ಮನೆಗೆ ಬಂದರೆ ಅವಳನ್ನು ಎದುರಿಗೆ ಕೂಡಿಸಿಕೊಂಡು, ಬಾಯಿ ನೋಡುತ್ತ, ಅದೂ ಇದೂ ಮಾತಾಡಿಸುತ್ತಿದ್ದ. ಮದುವೆಯಾದ ಹೊಸದರಲ್ಲೂ ಅವರು ಅಷ್ಟು ಮಾತಾಡಿರಲಿಲ್ಲ.

ಕಚೇರಿ ನಡೆದದ್ದು ಸಾಹುಕಾರರೊಬ್ಬರ ಖಾಲಿ ಹತ್ತಿ ಗೋದಾಮಿನಲ್ಲಿ. ಯರ್ರೆಪ್ಪ ಒಗೆದ ಅಂಗಿ ತೊಟ್ಟು, ರುಮಾಲು ಸುತ್ತಿ ಹೋದ. ಬಸವಕ್ಕನೂ ಜೊತೆಗೆ ಹೋಗಿ, ಶೇಂಗಾ ಮಾರುವವರ, ಗಾಡಿ ಹೊಡೆಯುವವರ ಮಧ್ಯೆ ಬಾಗಿಲ ಹೊರಗೆ ನಿಂತಳು. ಮುಂದಿನ ಸಾಲುಗಳಲ್ಲಿ ಹತ್ತಿ ವ್ಯಾಪಾರಸ್ಥರು ಆಗಲೇ ತುಂಬಿದ್ದರು. ನಂಬರಿಲ್ಲದ ಟಿಕೇಟಿನವನನ್ನು ಶ್ರೀರಾಮುಲು ಕಟ್ಟಕಡೆಯ ಸಾಲಿನಲ್ಲಿ, ಕಂಬವೊಂದರ ಹಿಂದೆ ಕೂಡಿಸಿದ್ದು ಅವಳಿಗೆ ಹೊರಗಿನಿಂದಲೇ ಕಂಡಿತು. ಮುಂದೆ ಬರೀ ರುಮಾಲುಗಳು, ಬೆನ್ನುಗಳು. ತನ್ನ ಬಾವಿಯ ನೀರು ಆ ನಂಬರನ್ನು ತೊಳೆಯದೆ ಇದ್ದಿದ್ದರೆ ಎಂದು ಅವಳು ಕೈ ಹಿಸುಕಿಕೊಂಡಳು.

ಹಾಡು ಶುರುವಾಯಿತು. ಬಸವಕ್ಕನಿಗೆ ಸಂಗೀತದ ಗಂಧವಿಲ್ಲ. ಆದರೂ ಆ ದನಿ ಗೋದಾಮಿನ ತಗಡಿನ ಸೂರನ್ನು ದಾಟಿ ಹೊರಗೆ ಬಂದಾಗ ಅವಳ ಮೈ ಜುಮ್ಮೆಂದಿತು. ಶೇಂಗಾ ಹುರಿಯುವವನೂ ಸೌಟು ಹಿಡಿದುಕೊಂಡು ನಿಂತುಬಿಟ್ಟ. ಒಳಗೆ ಗಂಡ ಕೇಳುತ್ತಿದ್ದಾನೆ, ಇಗೋ ಇದನ್ನೇ ಅವನೂ ಈಗ ಕೇಳುತ್ತಿದ್ದಾನೆ ಎಂದುಕೊಂಡು ಅವಳು ಕಣ್ಣು ಮುಚ್ಚಿದಳು. ಕಂಬದ ಹಿಂದಾದರೇನು, ಇಷ್ಟು ದೊಡ್ಡ ದನಿ ಅಲ್ಲಿಗೆ ಮುಟ್ಟದೆ ಇದ್ದೀತೇ? ಬಹಳ ದಿನಗಳ ಮೇಲೆ ಅವಳಿಗೆ ಸುಖವೆನಿಸಿತು.

ಯಾರೋ ತೋಳು ಮುಟ್ಟಿದರು. ಕಣ್ಣು ಬಿಟ್ಟರೆ ಯರ್ರೆಪ್ಪ.

"ಯಾಕ ಎದ್ದು ಬಂದ್ರಿ?" ಎಂದಳು ಗಾಬರಿಯಾಗಿ.

ಅವನ ಮುಖದಲ್ಲಿ ದುಃಖವಿರಲಿಲ್ಲ. ಹಬ್ಬದ ಅಡಿಗೆ ಕಾಯುವವನ ಆತುರವಿತ್ತು. ಅವಳ ಕಡೆ ಬಾಗಿ ಹೇಳಿದ:

"ಇನ್ನಾ ಸುರುನ ಮಾಡ್ವಲ್ರು ನೋಡು. ಆಗಿಂದ ಬರೇ ತಬಲಾ ತಟ್ಟಿ ತಟ್ಟಿ ನೋಡಾಕತ್ತಾರ. ಒಂದೀಟು ನೀರು ಕುಡದು ಬರ್ತೀನಿ. ಆಕಿ ಹಾಡಾಕ ಸುರು ಮಾಡಿದ ಕೂಡ್ಲೆ ನನ್ನ ಕರೀತೀಯೇನ, ಬಸವೀ?"

ಅವನ ಬೆನ್ನ ಹಿಂದೆ ದನಿ ಮೇಲಕ್ಕೆ, ಇನ್ನೂ ಮೇಲಕ್ಕೆ ಏರುತ್ತಿತ್ತು. ಬಸವಕ್ಕ ಗ್ಯಾಸ್ ಲೈಟಿನ ಬೆಳಕು ತನ್ನ ಬಾಯಿಯ ಮೇಲೆ ಬೀಳುವಂತೆ ಮುಖ ಎತ್ತಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಕುಡದು ಬರ್ರಿ. ಸುರು ಆದ ಕೂಡ್ಲೆ ಕರೀತೀನಿ."