ಅಳಿಸಿ ಹಾಕಿದ ಲೆಕ್ಕ

ಮೊದಲು ತಡಕಿದ್ದು ನಿಧಿಯ ಕಂಪಾಸ್ ಬಾಕ್ಸನ್ನು. ಆಮೇಲೆ ಅವಳ ಯೂನಿಫಾರ್ಮಿನ ಜೇಬನ್ನು.

ಮೊಮ್ಮಗಳ ಜೇಬಿಗೆ ಕೈ ಹಾಕುವ ಇವಳೆಂಥ ಅಜ್ಜಿ ಎಂದು ಕೇಳುತ್ತೀರಾ? ಕೇಳಿ, ಮಕ್ಕಳೇ. ಆದರೆ ಅವಳ ಎಂಟನೇ ಕ್ಲಾಸಿನ ಗಣಿತದ ಪೇಪರನ್ನೂ ನೋಡಿ. ಒಂದು ಆಯತದ ಉದ್ದ ಅದರ ಅಗಲದ ಎರಡೂವರೆ ಪಟ್ಟು. ಸುತ್ತಳತೆ ಎಂಬತ್ತನಾಲ್ಕು ಮೀಟರ್. ಉದ್ದ, ಅಗಲ ಎಷ್ಟು? ನಿಧಿ ಬರೆದದ್ದು ಇಷ್ಟೇ: ಅಗಲ 12, ಉದ್ದ 30.

ಉತ್ತರ ಸರಿ. ಮಾರ್ಕು ನಾಲ್ಕಕ್ಕೆ ಸೊನ್ನೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಕಾಪಿ' ಎಂಬ ಪದ. ಮನೆಯವರು ಬಂದು ಕಾಣಬೇಕಂತೆ. ಕಾಪಿ ಎಂದು ಖಚಿತವಾದರೆ ಇಡೀ ಪೇಪರಿಗೇ ಸೊನ್ನೆಯಂತೆ. ಅದೇ ಬೆಂಚಿನ ಸಾನಿಕಾಳದೂ ಅದೇ ಉತ್ತರ. ಅವಳಿಗೆ ನಾಲ್ಕಕ್ಕೆ ನಾಲ್ಕು.

"ನಿಜ ಹೇಳು ಮಗಾ, ಸಾನಿಕಾಳದ್ದು ನೋಡಿದ್ಯಾ?"

"ನಹೀ ಅಜ್ಜಿ. ನಾನೇ ಮಾಡಿದ್ದು. ಕಸಮ್ ಸೇ."

"ಮತ್ತೆ ಮಾಡಿದ್ದು ಎಲ್ಲುಂಟು?"

"ಇರೇಸ್ ಮಾಡ್ದೆ."

ಅಳಿಸಿದಳಂತೆ. ಯಾರಾದರೂ ಮಾಡಿದ ಲೆಕ್ಕವನ್ನು ಅಳಿಸುತ್ತಾರೆಯೇ? ನಾನು ನಂಬಲಿಲ್ಲ.

ಮಗನಿಗೂ ಸೊಸೆಗೂ ಬಾಂದ್ರಾದ ಆಫೀಸಿನಲ್ಲಿ ರಜೆ ಸಿಗಲಿಲ್ಲ. ನಾನೇ ಹೊರಟೆ. (ಊರಿನ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದವಳು ನಾನು. ಕುರ್ಲಾಕ್ಕೆ ಬಂದು ಇಷ್ಟು ವರ್ಷವಾದರೂ ಬಿಲ್ಡಿಂಗಿನ ಮೀಟಿಂಗಿನಲ್ಲಿ ಬಾಯಿ ತೆರೆದವಳಲ್ಲ.)

ಗಣಿತದ ಸರ್ ಸ್ಟಾಫ್ ರೂಮಿನಲ್ಲಿ ಇಬ್ಬರು ಹುಡುಗಿಯರನ್ನೂ ನಿಲ್ಲಿಸಿಕೊಂಡಿದ್ದರು. "ಬೈಠಿಯೇ ಆಜೀ" ಎಂದು ನನಗೆ ಕುರ್ಚಿ ತೋರಿಸಿ ನಿಧಿಯತ್ತ ತಿರುಗಿದರು. "ಎಕ್ಸ್ ಎಲ್ಲಿ? ಸ್ಟೆಪ್ಸ್ ಎಲ್ಲಿ? ಆನ್ಸರ್ ಏನು ಊಪರ್ ಸೇ ಉದುರಿತಾ?"

ನಿಧಿ ನನ್ನತ್ತ ನೋಡಿದಳು. "ಅಜ್ಜಿ ಹೇಳಿದ್ದು ಸರ್. ರಫ್ ವರ್ಕ್ ಉಳಿಸಬಾರದು, ಗಂದಾ ಕಾಣ್ತದೆ ಅಂತ."

ಹೌದು, ಹೇಳಿದ್ದೆ. ನಮ್ಮದು ಸ್ಲೇಟಿನ ಕಾಲ. ಲೆಕ್ಕ ಮಾಡಿ, ನೀರುಕಡ್ಡಿ ಎಂಬ ರಸ ತುಂಬಿದ ಗಿಡದ ತುಂಡಿನಿಂದ ಉಜ್ಜಿ ಒರೆಸಿ, ಉತ್ತರವೊಂದನ್ನೇ ಮಾಸ್ತರರಿಗೆ ತೋರಿಸಬೇಕು. ಒರೆಸದೆ ತಂದವನಿಗೆ ಬೆತ್ತ. ಆ ಬುದ್ಧಿಯನ್ನೇ ಈ ಮಗುವಿಗೂ ಕಲಿಸಿದ್ದೆ. ಕಲಿಸಿದವಳೇ ಜೇಬು ತಡಕಿದ್ದೆ!

ಎದ್ದು ಪೇಪರನ್ನು ಕಿಟಕಿಯ ಹತ್ತಿರ ಒಯ್ದು ಓರೆಯಾಗಿ ಹಿಡಿದೆ. ಪೆನ್ಸಿಲ್ ಒತ್ತಿದ ಗುರುತು ಕಂಡಿತು. 1, 2½, ಕೂಡಿದರೆ 3½. ಕೆಳಗೆ 42.

ಎಕ್ಸ್ ಇರಲಿಲ್ಲ. ಇದ್ದದ್ದು ಇಡ್ಲಿ ಹಿಟ್ಟು. ನಿಧಿಯ ಅಜ್ಜ ದಾದರಿನ ಹೋಟೆಲಿನಲ್ಲಿ ಹಿಟ್ಟು ರುಬ್ಬಿಸುತ್ತಿದ್ದಾಗ ನನಗೆ ಹೇಳಿಕೊಟ್ಟದ್ದು, ನಾನು ನಿಧಿಗೆ ಹೇಳಿಕೊಟ್ಟದ್ದು: ಉದ್ದು ಒಂದು ಪಾಲು, ಅಕ್ಕಿ ಎರಡೂವರೆ ಪಾಲು, ಒಟ್ಟು ಮೂರೂವರೆ. ಸುತ್ತಳತೆಯ ಅರ್ಧ ನಲವತ್ತೆರಡು. ಅದನ್ನು ಮೂರೂವರೆ ಪಾಲು ಮಾಡಿದರೆ ಒಂದು ಪಾಲಿಗೆ ಹನ್ನೆರಡು. ಇಷ್ಟನ್ನು ನನ್ನ ಹರಕು ಹಿಂದಿಯಲ್ಲಿ ಸರ್‌ಗೆ ಹೇಳುವಷ್ಟರಲ್ಲಿ ಬೆವರಿದೆ.

ಸರ್‌ಗೆ ಅನುಮಾನ ಹೋಗಲಿಲ್ಲ. ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು ದೂರ ದೂರ ಕೂರಿಸಿದರು. ಅದೇ ಲೆಕ್ಕ, ಸುತ್ತಳತೆ ಮಾತ್ರ ಐವತ್ತಾರು.

ನಿಧಿ ಬೇಗ ಮುಗಿಸಿದಳು. ಎಂಟು, ಇಪ್ಪತ್ತು. ಕೈ ರಬ್ಬರಿಗೆ ಹೋಯಿತು. ನಾನು ರಬ್ಬರನ್ನು ಎತ್ತಿಟ್ಟುಕೊಂಡೆ.

ಸಾನಿಕಾ ಮುತ್ತಿನಂಥ ಅಕ್ಷರದಲ್ಲಿ 'ಅಗಲ ಎಕ್ಸ್ ಆಗಿರಲಿ' ಎಂದು ಶುರು ಮಾಡಿ, ಆರು ಸಾಲು ಬರೆದು, ಕೊನೆಗೆ ಗೆರೆ ಎಳೆದು ಉತ್ತರ ಬರೆದಳು. ಹನ್ನೆರಡು, ಮೂವತ್ತು.

"ಬೇಟಾ, ಇಲ್ಲಿ ಐವತ್ತಾರು ಅಂತಿದೆ" ಎಂದರು ಸರ್.

ಆ ಮಗು ಗಾಬರಿಯಾಯಿತು. "ಲೇಕಿನ್ ಸರ್, ಆಪ್ಕೇ ಶೀಟ್ ಮೇ ತೋ ಬಾರಾ ಔರ್ ತೀಸ್ ಹೀ ಥಾ."

ಸರ್ ಕೊಟ್ಟ ಹಾಳೆಯಲ್ಲಿ ಹನ್ನೆರಡು, ಮೂವತ್ತು ಎಂದೇ ಇತ್ತಂತೆ!

ಸರ್ ಸ್ಟೇಷನ್ ಹತ್ತಿರ ಸಂಜೆ ಟ್ಯೂಷನ್ ಕ್ಲಾಸ್ ನಡೆಸುತ್ತಾರೆ. ಸಾನಿಕಾ ಹೋಗುತ್ತಾಳೆ, ನಮ್ಮವಳು ಹೋಗುವುದಿಲ್ಲ. ಪರೀಕ್ಷೆಗೆ ಒಂದು ವಾರ ಮೊದಲು ಅಲ್ಲಿ ಈ ಲೆಕ್ಕವನ್ನೇ ಉತ್ತರದ ಸಮೇತ ಬರೆದು ಹಂಚಿದ ಹಾಳೆ ಅದು. (ಇದನ್ನು ನಾನು ಕೇಳಲಿಲ್ಲ. ಪಾಪ, ಸಾನಿಕಾಳೇ ಹೇಳುತ್ತಾ ಹೋದಳು.)

ಸರ್ ನನ್ನ ಮುಖ ನೋಡದೆ 'ಕಾಪಿ' ಎಂಬುದನ್ನು ಹೊಡೆದುಹಾಕಿ, ಸ್ಟೆಪ್ಸ್ ಇಲ್ಲವೆಂದು ನಾಲ್ಕಕ್ಕೆ ಎರಡು ಕೊಟ್ಟರು. "ಇನ್ಮೇಲೆ ಅಳಿಸಬೇಡ" ಎಂದರು. ಆ ಮಾತು ಸರಿಯೇ. ಮಾಡಿದ್ದನ್ನು ತೋರಿಸದಿದ್ದರೆ ನೋಡುವವರಿಗೆ ತಿಳಿಯುವುದು ಹೇಗೆ? ನನಗೇ ತಿಳಿಯಲಿಲ್ಲವಲ್ಲ.

ಗೇಟಿನ ಹೊರಗೆ ನಿಧಿಗೆ ಹೇಳಿದೆ, "ಜೇಬು ನೋಡಿದ್ದು ತಪ್ಪಾಯ್ತು ಮಗಾ."

"ಚಲ್ತಾ ಹೈ ಅಜ್ಜಿ. ಗೋಲಾ ಕೊಡ್ಸು."

ಅವಳು ಬಣ್ಣದ ಐಸಿನ ಬರ್ಫ್ ಗೋಲಾ ಚೀಪುತ್ತಾ ಎಲ್ಲ ಮರೆತಳು. ನನಗೆ ಇನ್ನೂ ಮರೆಯಲಾಗುತ್ತಿಲ್ಲ. ನಮ್ಮ ಹುಡುಗಿ ಕಾಪಿ ಮಾಡಿಲ್ಲವೆಂದು ತೀರ್ಮಾನವಾಯಿತು, ಸರಿ. ಹಾಗಾದರೆ ಕಾಪಿಯಾದದ್ದು ಯಾವುದು, ಆ ಟ್ಯೂಷನ್ನಿನ ಹಾಳೆಯೋ, ಶಾಲೆಯ ಪ್ರಶ್ನೆಪತ್ರಿಕೆಯೋ?