ಟೀಚರಮ್ಮ ಬಾಗಿಲು ತಟ್ಟಿದ ದಿನ

ನಮ್ಮೂರ ಅಂಗನವಾಡಿ ಟೀಚರಮ್ಮನ ಸೀರೆಗಳು ಮೊದಲು ಸವೆಯುತ್ತಿದ್ದುದು ಮಂಡಿಯ ಹತ್ತಿರ. ಯಾವ ಮಗುವಿನ ಜೊತೆ ಮಾತಾಡಬೇಕಾದರೂ ಮಂಡಿಯೂರಿ, ಅದರ ಮುಖಕ್ಕೆ ಮುಖ ಕೊಟ್ಟೇ ಮಾತಾಡುವವರು. ದೊಡ್ಡವರ ಹತ್ತಿರ ಮಾತ್ರ ನಿಂತಲ್ಲೇ, ಮುಲಾಜಿಲ್ಲದೆ. ಮಗುವಿಗೆಂದು ಕೊಟ್ಟ ಮೊಟ್ಟೆಯನ್ನು ಗಂಡನಿಗೆ ಸಾರು ಮಾಡಿ ಹಾಕಿದವರನ್ನು ಬೀದಿಯಲ್ಲೇ ನಿಲ್ಲಿಸಿ ಕೇಳುತ್ತಿದ್ದರು. ಹಲಗೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಆಕೆಗೆ ಹೆದರದ ತಾಯಂದಿರಿರಲಿಲ್ಲ.

ನನ್ನ ಮಗಳಿಗೆ ಆಗ ಎರಡೂವರೆ ವರ್ಷ. ಒಂದು ಮಾತೂ ಬಂದಿರಲಿಲ್ಲ. ಆದರೆ ಬಲು ಚುರುಕು, ನನ್ನ ಕಣ್ಣು ಕೈ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಿದ್ದಳು. ಅವರಪ್ಪ ಮಾತಾಡಿದ್ದೂ ನಾಲ್ಕು ವರ್ಷಕ್ಕೇ ಎಂದು ಅತ್ತೆ ಹೇಳಿದ್ದರು, ನನಗೆ ಅಷ್ಟು ಸಾಕಿತ್ತು. ದಿನಾ ಬೆಳಿಗ್ಗೆ ಬಜೆ ಬೇರು ತೇಯ್ದು ನಾಲಿಗೆಗೆ ನೆಕ್ಕಿಸುತ್ತಿದ್ದೆ. ಮಾತು ಬರಲೆಂದು ನಮ್ಮ ಕಡೆ ಎಲ್ಲರೂ ಮಾಡುವುದೇ.

ಒಂದು ದಿನ ಬೇರೆ ತಾಯಂದಿರಿಗಿಂತ ಮೊದಲೇ ನಾನು ಕರೆತರಲು ಹೋದಾಗ, ಟೀಚರಮ್ಮ ಅವಳ ಬೆನ್ನ ಹಿಂದೆ ನಿಂತು, ಸ್ಟೀಲ್ ತಟ್ಟೆಯನ್ನು ಸೌಟಿನಿಂದ ಬಾರಿಸಿದರು. ಉಳಿದ ಮಕ್ಕಳೆಲ್ಲ ತಿರುಗಿದವು. ಇವಳು ತಿರುಗಲಿಲ್ಲ.

"ನಾಲಿಗೇಲೇನೂ ಇಲ್ಲ ಕಣವ್ವ, ಕಿವಿ ಕೇಳ್ತಿಲ್ಲ. ಈ ವಾರನೇ ಮಂಡ್ಯಕ್ಕೆ ಕರ್ಕೊಂಡೋಗು. ಈಗ್ಲೇ ಕಿವಿಗೆ ಮಿಸೀನು ಆಕ್ಸಿ ಕಲಿಸಿದ್ರೆ ಮಾತು ಬತ್ತದೆ. ತಡ ಆದಷ್ಟೂ ಕಷ್ಟ."

ಅಷ್ಟು ಚುರುಕಾದ ನನ್ನ ಮಗಳನ್ನು ಕಿವುಡಿ ಮಾಡಿದರೆಂದು ಮೈಯೆಲ್ಲ ಉರಿಯಿತು. ಮಾರನೆಯ ದಿನದಿಂದ ಅಂಗನವಾಡಿ ಬಿಡಿಸಿದೆ. ಆಕೆ ಮನೆಗೇ ಬಂದರು, ಅತ್ತೆ ಜಗಳವಾಡಿ ಕಳಿಸಿದರು. ಮತ್ತೊಮ್ಮೆ ಬಂದಾಗ ನಾನು ಚಿಲಕ ಹಾಕಿಕೊಂಡು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಟೀಚರಮ್ಮ ಕೈ ಸೋಲುವಷ್ಟು ಹೊತ್ತು ಬಾಗಿಲು ತಟ್ಟಿದರು, ಮಗಳ ಹೆಸರು ಹಿಡಿದು ಕೂಗಿದರು. ಮಗಳು ನನ್ನ ಬಳೆಗಳ ಜೊತೆ ಆಡುತ್ತಿದ್ದವಳು ತಲೆಯನ್ನೇ ಎತ್ತಲಿಲ್ಲ. ಆಗ ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ನಾನು ಎದ್ದು ಬಾಗಿಲು ತೆಗೆಯಲಿಲ್ಲ. ಆ ಸದ್ದು ಈಗಲೂ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ಕೇಳಿಸುತ್ತದೆ.

ಶಾಲೆಗೆ ಸೇರಿಸುವ ಹೊತ್ತಿಗೆ ಅವಳಿಗೆ ಆರು ತುಂಬಿತ್ತು. ಶಾಲೆಯವರು ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರು. ಮಂಡ್ಯಕ್ಕೆ ನನ್ನ ಜೊತೆ ಬಂದವರು ಟೀಚರಮ್ಮನೇ, ಹಳೆಯದೊಂದನ್ನೂ ಎತ್ತದೆ. ಅಲ್ಲಿಯ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಯಾದ ಮೇಲೆ, ಮಾತು ಕಲಿಸುವ ಮೇಡಂ ರೇಗಿದರು. ಕಲಿಯುವ ವರ್ಷಗಳೆಲ್ಲ ಹೋದವಲ್ಲ, ಅಂಗನವಾಡಿಯಲ್ಲೂ ಯಾರೂ ಹೇಳಲಿಲ್ಲವೇ ಎಂದು ಕೇಳಿದರು. ನಾನು ಬಗ್ಗಿ ಮಗಳ ಚಪ್ಪಲಿ ಸರಿಮಾಡಿದೆ.

"ನಂದೇ ತಪ್ಪು ಮೇಡಂ," ಅಂದರು ಟೀಚರಮ್ಮ. "ಮೊದ್ಲೇ ಏಳ್ಬೇಕಿತ್ತು."

ವಾಪಸು ಬರುವಾಗ ಬಸ್ಸಿನಲ್ಲಿ, ಯಾಕೆ ಹಾಗಂದಿರಿ ಎಂದು ಕೇಳಿದೆ.

"ನಿನ್ನ ಬಯ್ದು ಕಳಿಸ್ಬುಟ್ಟಿದ್ರೆ ಮುಂದಿನ ವಾರ ನೀನು ಬತ್ತಿದ್ದಾ?"

ಬರುತ್ತಿರಲಿಲ್ಲ. ನನ್ನನ್ನು ನನಗಿಂತ ಚೆನ್ನಾಗಿ ಅರಿತವರು ಆಕೆ. ಆಮೇಲೆ ಕಿವಿಗೆ ಮಿಷನ್ ಹಾಕಿಸಿ, ಮಾತು ಕಲಿಸಲು ವಾರವಾರವೂ ಹೋದೆವು. ಟೀಚರಮ್ಮ ಗಮನಿಸದೆ ತಡವಾಯಿತೆಂಬ ಮಾತು ಊರಲ್ಲೆಲ್ಲ ಹಬ್ಬಿತು, ಮೇಲಿನವರು ಕರೆಸಿ ವಿಚಾರಿಸಿದರಂತೆ. ಆಕೆ ಯಾರಿಗೂ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಹೋದ ವರ್ಷ ಟೀಚರಮ್ಮ ತೀರಿಕೊಂಡರು. ಮಗಳಿಗೀಗ ಹತ್ತು. ಮಾತಾಡುತ್ತಾಳೆ, ಆದರೆ ಮನೆಯವರನ್ನು ಬಿಟ್ಟರೆ ಬೇರೆಯವರಿಗೆ ಅರ್ಧವೂ ತಿಳಿಯುವುದಿಲ್ಲ. ಟೀಚರಮ್ಮ ತೀರಿದ ದಿನ, ಹಲಗೂರಿನ ಮನೆಯ ಮುಂದೆ ಆಕೆಯನ್ನು ಮಲಗಿಸಿದ್ದರು. ನನ್ನ ಪಕ್ಕ ಕೂತಿದ್ದ ನಮ್ಮೂರ ಹೆಂಗಸು, "ಒಳ್ಳೇವ್ರು. ನಿನ್ ಮಗಳ ಇಸ್ಯ ಒಂದ್ರಲ್ಲಿ ಮಾತ್ರ ತಡ ಮಾಡ್ಬುಟ್ರು ಕಣಮ್ಮ" ಅಂದಳು.

ನಾನು ಸೆರಗಿನಿಂದ ಕಣ್ಣೊರೆಸಿಕೊಂಡು, ಹೂಂ ಅಂದೆ.