ಬಾವುಟದ ದೇರಪ್ಪನೂ ರಾಕೆಟ್ ಗುಡ್ಡವೂ

ದೇರಪ್ಪನ ಕೆಲಸವೆಂದರೆ ನಿಲ್ಲುವುದು. ಸರ್ವೆ ಇಲಾಖೆಯ ಕಾಗದದಲ್ಲಿ ಅವನು ಕಲಾಸಿ, ಸರ್ವೆಯರ ಕೈಯಾಳು. ಆದರೆ ಸುಂಟಿಕೊಪ್ಪದಲ್ಲಿ ಯಾರಾದರೂ "ನಿಂದು ಎಂಥ ಕೆಲಸ ಮಾರಾಯ?" ಎಂದು ಕೇಳಿದರೆ "ನಿಲ್ಲೋದು" ಎಂದೇ ಹೇಳುತ್ತಿದ್ದ. ಒಂದು ಗುಡ್ಡದ ನೆತ್ತಿಯಲ್ಲಿ ಸರ್ವೆಯರು ಮುಕ್ಕಾಲಿಯ ಮೇಲೆ ದುರ್ಬೀನು ಹೂಡಿ ಕೂತರೆ, ಎರಡು ಮೈಲಿ ಆಚೆಯ ಇನ್ನೊಂದು ಗುಡ್ಡದ ಮೇಲೆ ದೇರಪ್ಪ ಬಾವುಟದ ಕೋಲನ್ನು ನೆಟ್ಟಗೆ ಹಿಡಿದು ನಿಲ್ಲಬೇಕು. ಬಿಸಿಲು ಬರಲಿ, ಗಾಳಿ ಎಳೆಯಲಿ, ಕೋಲು ಅಲುಗುವ ಹಾಗಿಲ್ಲ. ಆಚೆಯಿಂದ ಕನ್ನಡಿ ಮಿನುಗಿದರೆ ಕೆಲಸ ಮುಗಿಯಿತೆಂದು ಅರ್ಥ. ಕೆಲವು ಸಲ ಆ ಮಿನುಗಿಗಾಗಿ ಅರ್ಧ ದಿನ ಕಾದದ್ದುಂಟು.

ಕೊಡಗು ಮೈಸೂರಿಗೆ ಸೇರಿದ ವರ್ಷವೇ ಅವನ ಮದುವೆಯಾದದ್ದು. ಹೆಂಡತಿ ದಮಯಂತಿ, ಪಡುವಣ ಕೊಡಗಿನ ಅಡ್ಕಹಿತ್ಲಿನವಳು. ಗಂಡ ಊರೂರು ಕ್ಯಾಂಪಿನಲ್ಲಿರುವಾಗ ಅವಳು ಸುಂಟಿಕೊಪ್ಪದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಎಸ್ಟೇಟಿನ ಗೋದಾಮಿನಲ್ಲಿ ಕಾಫಿ ಬೇಳೆ ಆರಿಸುತ್ತಿದ್ದಳು. ವರ್ಷಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು ಸಲ ಅವನು ಬರುತ್ತಿದ್ದ. ಬಂದವನ ಮುಂದೆ ಊಟ ಬಡಿಸಿ, ಎದುರಿಗೆ ಕೂತು, "ಈ ಸಲ ಎಲ್ಲೆಲ್ಲಿ ನಿಂತಿದ್ರಿ?" ಎಂದು ಕೇಳುವುದು ಅವಳ ರೂಢಿ. ಅವನು ಒಂದೊಂದೇ ಗುಡ್ಡದ ಹೆಸರು ಹೇಳುತ್ತಿದ್ದ. ಅವಳು ನೋಡದ ಊರುಗಳೆಲ್ಲ ಹಾಗೆ ಅವಳಿಗೆ ಗೊತ್ತಾಗಿದ್ದವು. ಮಕ್ಕಳಾಗಿರಲಿಲ್ಲ. "ಆಗೋದಕ್ಕೆ ಗಂಡ ಮನೇಲಿ ಇರ್ಬೇಕಲ್ಲ" ಎಂದು ಗೋದಾಮಿನ ಹೆಂಗಸರು ನಕ್ಕರೆ ಅವಳೂ ನಗುತ್ತಿದ್ದಳು. ಮನೆಗೆ ಬಂದ ಮೇಲೆ ನಗುತ್ತಿದ್ದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಅರವತ್ತೈದನೇ ಇಸವಿಯ ಜನವರಿಯಲ್ಲಿ ಕ್ಯಾಂಪು ಕೊಡಗಿಗೇ ಬಂತು. ಗಾಳಿಮೊಟ್ಟೆ ಎಂಬ ಬೋಳು ಗುಡ್ಡದ ಬುಡದಲ್ಲಿ ಡೇರೆ ಹೊಡೆದರು. ಸರ್ವೆಯರ್ ಸಣ್ಣಸ್ವಾಮಿಯವರು ಮೈಸೂರು ಕಡೆಯವರು, ಮಾತಿನಲ್ಲಿ ಬಿರುಸು, ಮನಸ್ಸಿನಲ್ಲಿ ಮೆತ್ತಗೆ. ಇದು ಎಂದಿನ ಅಳತೆಯಲ್ಲ ಎಂದು ಅವರೇ ಹೇಳಿದರು.

"ದಿಲ್ಲಿಯಿಂದ ಇಂಜಿನಿಯರು ಬಂದು ಮಡಿಕೇರಿ ಬಂಗಲೆಯಲ್ಲಿ ಕೂತವ್ರೆ ಕಣಯ್ಯ. ರಾಕೆಟ್ ಹಾರಿಸೋಕೆ ಜಾಗ ಬೇಕಂತೆ. ಈಗ ಗಾಳಿ ಮಳೆ ಸುದ್ದಿ ತಿಳಿಯೋಕೆ ಸಣ್ಣದು ಬಿಡ್ತಾರೆ. ಮುಂದೆ ದೊಡ್ಡದು ಮಾಡಿ, ಲಾರಿ ಸರ್ವಿಸ್ ಥರ ಬಾಡಿಗೆ ತಗೊಂಡು ಆಕಾಶಕ್ಕೆ ಸಾಮಾನು ಸಾಗಿಸ್ತಾರಂತೆ."

"ಸಾಮಾನು ಇಳಿಸ್ಕೊಳ್ಳೋದಕ್ಕೆ ಅಲ್ಲಿ ಯಾರಿದ್ದಾರೆ ಸ್ವಾಮಿ?"

"ಅದನ್ನ ನಾನೂ ಕೇಳ್ದೆ. ಅವರು ನಕ್ಕರು. ಸುತ್ತ ಮೂರು ಮೈಲಿ ಮನುಷ್ಯರು ವಾಸ ಇರಬಾರದು, ಅಷ್ಟು ಖಚಿತ ಮಾಡ್ಕೊಂಡು ಬಾ ಅಂದ್ರು."

ಸಣ್ಣಸ್ವಾಮಿ ನಕಾಶೆ ಬಿಡಿಸಿದರು. ಬ್ರಿಟಿಷರ ಕಾಲದ್ದು. ಗಾಳಿಮೊಟ್ಟೆಯ ಕೆಳಗಿನ ಕಣಿವೆಯಲ್ಲಿ ಹಸಿರು ಬಣ್ಣ ಬಿಟ್ಟರೆ ಒಂದು ಚುಕ್ಕೆಯೂ ಇರಲಿಲ್ಲ. ಆದರೆ ಆ ಹಸಿರಿನ ನಡುವೆಯೇ ಅಡ್ಕಹಿತ್ಲು ಇತ್ತು. ನಕಾಶೆ ಬರೆದ ಮೇಲೆ ಎದ್ದ ಐದು ಮನೆಗಳು. ಅದರಲ್ಲೊಂದು ದಮಯಂತಿಯ ತಾಯಿ ಪೊನ್ನಮ್ಮನದು.

"ನನ್ನ ಕಾಲಿನ ಗುಳ್ಳೆ ಒಡೆದದೆ. ನೀನು ಈ ಕಡೆಯವನು, ಇಳಿದು ಹೋಗಿ ನೋಡ್ಕೊಂಡು ಬಾ" ಎಂದರು ಸಣ್ಣಸ್ವಾಮಿ. ಮತ್ತೆ, ಅದು ದೊಡ್ಡ ಮಾತೇ ಅಲ್ಲವೆಂಬಂತೆ ಸೇರಿಸಿದರು: "ಇಲ್ಲೇ ಆದ್ರೆ ಕಾವಲಿಗೆ ಕಾಯಂ ಜನ ಬೇಕಾಗ್ತದೆ. ಕ್ವಾಟ್ರಸ್ಸು ಕೊಡ್ತಾರೆ. ನಿನ್ನ ಹೆಸರು ಹೇಳಿದ್ದೀನಿ."

ಕಣಿವೆಗೆ ಇಳಿಯುವಾಗ ದೇರಪ್ಪನ ತಲೆಯಲ್ಲಿ ಅದೊಂದೇ ಮಾತು ಸುತ್ತುತ್ತಿತ್ತು. ಕ್ವಾಟ್ರಸ್ಸು. ಒಂದು ಬಾಗಿಲು, ಒಳಗೆ ದಮಯಂತಿ, ಸಂಜೆ ಕೆಲಸ ಮುಗಿಸಿ ನಡೆದುಕೊಂಡೇ ಹೋಗಬಹುದಾದಷ್ಟು ಹತ್ತಿರ.

ಪೊನ್ನಮ್ಮ ಅಳಿಯನನ್ನು ಕಂಡು ಗಾಬರಿಯಾದಳು. "ಎಂಥ ಅಳಿಯ, ದಮಯಂತಿ ಹುಷಾರುಂಟಲ್ಲ?" ಎಂದು ಕೇಳಿ, ಹುಷಾರೆಂದು ತಿಳಿದ ಮೇಲೆಯೇ ಕೈಕಾಲಿಗೆ ನೀರು ಕೊಟ್ಟಳು. ಅಕ್ಕಿರೊಟ್ಟಿ ತಟ್ಟಿದಳು. ಒಬ್ಬಳೇ ಇರುವ ಹೆಂಗಸು. ಮಾತಾಡಲು ಜನ ಸಿಕ್ಕಿದ್ದಕ್ಕೆ ಮೆಣಸಿನ ಬಳ್ಳಿಯಿಂದ ಹಿಡಿದು ಪಕ್ಕದ ಮನೆಯ ನಾಯಿಯವರೆಗೆ ಎಲ್ಲ ಹೇಳಿದಳು. ಅವನು ಬಂದ ಕಾರಣ ಹೇಳಲಿಲ್ಲ. ಇವರಿಗೆ ಬೇರೆ ಕಡೆ ಜಾಗ ಕೊಡುತ್ತಾರೆ, ಹಾಗೆಲ್ಲ ಕೊಡುವುದನ್ನು ನಾನೇ ನೋಡಿದ್ದೇನೆ ಎಂದು ಹಿಂದಿರುಗುವ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

"ಏನಿದೆ ಕೆಳಗೆ?" ಸಣ್ಣಸ್ವಾಮಿ ಕೇಳಿದರು.

"ಕಾಡು ಸ್ವಾಮಿ."

"ಮನೆ?"

"ಇಲ್ಲ."

ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು. ಸಣ್ಣಸ್ವಾಮಿ ಮರುಮಾತಿಲ್ಲದೆ ನಂಬಿದ್ದು ಅವನನ್ನು ಚುಚ್ಚಿತು.

ಮರುದಿನ ಬೆಳಿಗ್ಗೆ ಸಣ್ಣಸ್ವಾಮಿ ಕಾಲಿಗೆ ಬಟ್ಟೆ ಸುತ್ತಿಕೊಂಡರು, ಇಬ್ಬರೂ ಗಾಳಿಮೊಟ್ಟೆಯ ನೆತ್ತಿ ಹತ್ತಿದರು. ಬಾವುಟ ಹಿಡಿಯಲು ಬೇರೆ ಕಲಾಸಿಯನ್ನು ಆಚೆ ಗುಡ್ಡಕ್ಕೆ ಕಳಿಸಿದ್ದರು. ಅಳತೆಯ ನಡುವೆ ಬಿಡುವಾದಾಗ ಸಣ್ಣಸ್ವಾಮಿ ಬೀಡಿ ಹಚ್ಚಿ, "ಇಷ್ಟು ವರ್ಷ ಆ ತುದಿಯಲ್ಲಿ ನಿಂತೆ. ಈ ತುದಿಯಿಂದ ಒಂದ್ಸಲನಾದ್ರೂ ನೋಡಿದ್ದೀಯೇನಯ್ಯಾ?" ಎಂದರು.

ಅವನು ನೋಡಿರಲಿಲ್ಲ. ಕಣ್ಣಿಟ್ಟ. ಆ ಕಾಲದ ದುರ್ಬೀನಿನಲ್ಲಿ ಲೋಕ ತಲೆಕೆಳಗಾಗಿ ಕಾಣುತ್ತಿತ್ತು. ಮೇಲೆ ಹುಲ್ಲು, ಕೆಳಗೆ ಆಕಾಶ. ಅವನಿಗೆ ನಗು ಬಂತು. ತಿರುಪು ತಿರುಗಿಸುತ್ತ ಮೆಲ್ಲಗೆ ಕಣಿವೆಯ ಕಡೆ ಸರಿಸಿದ. ಮರಗಳ ನಡುವೆ ಒಂದು ಸಂದು ಬಂತು, ಸಂದಿನಲ್ಲಿ ಒಂದು ಅಂಗಳ. ಪೊನ್ನಮ್ಮ ಚಾಪೆ ಹಾಸಿ ಮೆಣಸು ಹರವುತ್ತಿದ್ದಳು. ಕೋಳಿಗಳೂ ಅವಳೂ ನೆಲದಿಂದ ಕೆಳಕ್ಕೆ ಜೋತುಬಿದ್ದ ಹಾಗಿದ್ದರು. ಬಗ್ಗಿ ಕೋಳಿ ಓಡಿಸಿದಳು, ಸೊಂಟಕ್ಕೆ ಕೈ ಕೊಟ್ಟು ನಿಂತಳು, ಮತ್ತೆ ಬಗ್ಗಿದಳು. ನಿನ್ನೆ ಅವನ ಬಟ್ಟಲಿಗೆ ತುಪ್ಪ ಹಾಕಿದ ಕೈ ಅದೇ.

ದೇರಪ್ಪ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಏನು, ಆನೆ ಗೀನೆ ಕಾಣ್ತಾ?"

"ಅಲ್ಲ ಸ್ವಾಮಿ. ನನ್ನ ಅತ್ತೆ."

ಅವನು ಎಲ್ಲವನ್ನೂ ಹೇಳಿದ. ಐದು ಮನೆ, ಹೆಂಡತಿ, ಕ್ವಾಟ್ರಸ್ಸಿನ ಆಸೆ. ಸಣ್ಣಸ್ವಾಮಿ ಬೈಯುತ್ತಾರೆಂದು ಕಾದ. ಅವರು ಬೀಡಿ ಆರಿಸಿ, ತಾವೂ ದುರ್ಬೀನಿಗೆ ಕಣ್ಣಿಟ್ಟು, "ಮೆಣಸು ಚೆನ್ನಾಗಿ ಬಂದದೆ" ಎಂದರು. ನಕಾಶೆಯಲ್ಲಿ ಪೆನ್ಸಿಲಿನಿಂದ ಐದು ಚುಕ್ಕೆ ಇಟ್ಟರು. "ಹೋಗು, ಭಾನುವಾರ ಮನೆಗೆ ಹೋಗಿ ಬಾ. ಹೆಂಡತಿಗೂ ಹೇಳು. ನನಗೆ ಹೇಳಿದ್ದಕ್ಕಿಂತ ಅದು ಕಷ್ಟ."

ಭಾನುವಾರ ಮಧ್ಯಾಹ್ನ ದಮಯಂತಿ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಅವನು ಬಾಗಿಲ ಬಳಿ ಕೂತು, ಅವಳ ಮುಖ ನೋಡದೆ, ಮೊದಲಿಂದ ಕೊನೆಯವರೆಗೆ ಹೇಳಿದ. ಅವಳ ಕೈ ನಿಂತಿತು.

"ಅಮ್ಮ ರೊಟ್ಟಿ ಕೊಟ್ಟ ಮೇಲೂ ಮನೆ ಇಲ್ಲ ಅಂದ್ರಾ?"

"ಹ್ಞೂಂ."

"ನನ್ನ ಹತ್ರ ಇರ್ಬೇಕು ಅಂತ?"

ಅವಳು ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಅವನು ಎದ್ದು ಹತ್ತಿರ ಹೋದ. ಅಳುತ್ತಲೂ ಇದ್ದಳು, ಕೋಪವೂ ಇತ್ತು. "ಒಂಬತ್ತು ವರ್ಷದಲ್ಲಿ ಒಂದು ದಿನವೂ ಬಾಯಿಬಿಟ್ಟು ಹೇಳಿಲ್ಲೆ ನೀವು. ಬೇಜಾರಾಗ್ತದೆ, ಒಬ್ಬನೇ ಇರೋಕಾಗಲ್ಲ ಅಂತ ಒಂದು ಮಾತು. ನಾನು ಬೇಳೆ ಆರಿಸೋದು ನಿಮ್ಮನ್ನ ಬಿಟ್ಟಿರೋ ಖುಷಿಗೆ ಅಂತ ತಿಳ್ಕೊಂಡ್ರಾ?"

"ಡೇರೆಯಲ್ಲಿ ನೀನು ಹೇಗೆ ಇರ್ತೀ?"

"ಕೇಳಿದ್ರಾ ನನ್ನ?"

ಅವನು ಕೇಳಿರಲಿಲ್ಲ.

ಮಾರನೆಯ ದಿನ ಅವಳೇ ಅವನ ಜೊತೆ ಬಸ್ಸು ಹತ್ತಿದಳು. ಕ್ಯಾಂಪಿನಲ್ಲಿ ಸಣ್ಣಸ್ವಾಮಿಯವರ ಎದುರು ನಿಂತು, "ನಿಮ್ಮ ಅಡುಗೆಯವನ ಸಾರು ಹೇಗುಂಟು ಸಾಹೇಬ್ರೆ?" ಎಂದು ಕೇಳಿದಳು. ಎರಡು ತಿಂಗಳಿಂದ ಅದನ್ನೇ ಉಂಡಿದ್ದ ಸಣ್ಣಸ್ವಾಮಿ ಉತ್ತರಿಸಲು ತಡಮಾಡಲಿಲ್ಲ. ಕ್ಯಾಂಪಿನ ಒಲೆ ದಮಯಂತಿಯ ಕೈಗೆ ಬಂತು, ಅಡುಗೆಯವನಿಗೆ ಅಳತೆಯ ಸರಪಳಿ ಎಳೆಯುವ ಕೆಲಸ ಸಿಕ್ಕಿತು. ಅವನಿಗೂ ಅದೇ ಬೇಕಿತ್ತು.

ಗಾಳಿಮೊಟ್ಟೆಯನ್ನು ಕೈಬಿಟ್ಟರು. ಐದು ಮನೆಯ ಜೊತೆಗೆ ವರ್ಷದಲ್ಲಿ ಆರು ತಿಂಗಳು ಮಂಜು ಮುಚ್ಚುತ್ತದೆ ಎಂಬ ಕಾರಣವನ್ನೂ ಬರೆದರಂತೆ. ಪೊನ್ನಮ್ಮನಿಗೆ ಈ ಸಂಗತಿಯನ್ನು ಮಗಳು ಎಷ್ಟೋ ದಿನಗಳ ಮೇಲೆ ಹೇಳಿದಳು. ಅಳಿಯನ ಸುಳ್ಳಿನ ಭಾಗ ಬಂದಾಗ ಮುದುಕಿ "ಪಾಪ" ಎಂದಳು, ಅಷ್ಟೆ.

ಆಮೇಲೆ ಅದೇ ತಂಡ ಶಿವಮೊಗ್ಗದ ಗುಡ್ಡಗಳನ್ನು ನೋಡಿತು, ಕಾರವಾರದ ಕಡೆಯ ಮರಳ ದಂಡೆಗಳನ್ನು ನೋಡಿತು. ಕಾರವಾರದಲ್ಲಿ ದಮಯಂತಿ ಮೊದಲ ಸಲ ಕಡಲು ಕಂಡಳು. ಇಡೀ ಬೆಳಿಗ್ಗೆ ಒಲೆ ಹಚ್ಚಲು ಮರೆತಳು. ಯಾರೂ ಏನೂ ಅನ್ನಲಿಲ್ಲ. ಮಧ್ಯಾಹ್ನ ಬುತ್ತಿ ಹೊತ್ತು, ಬಿಸಿ ಮರಳಿನ ಮೇಲೆ ಒಂದೂವರೆ ಮೈಲಿ ನಡೆದು, ಗಂಡ ನಿಂತ ದಿಬ್ಬಕ್ಕೆ ಹೋದಳು. ಕನ್ನಡಿ ಇನ್ನೂ ಮಿನುಗಿರಲಿಲ್ಲ, ಅವನು ಕೋಲು ಬಿಡುವ ಹಾಗಿರಲಿಲ್ಲ.

"ಕೊಡಿ ಇತ್ಲಾಗೆ. ಅನ್ನ ಆರ್ತದೆ" ಎಂದು ಅವಳು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ನಿಂತಳು. ದೇರಪ್ಪ ಅವಳ ನೆರಳಿನಲ್ಲೇ ಕೂತು ಬುತ್ತಿ ಬಿಚ್ಚಿದ. ಆಚೆ ತುದಿಯಲ್ಲಿದ್ದ ಸಣ್ಣಸ್ವಾಮಿಗೆ ಬಾವುಟದ ಪಕ್ಕದಲ್ಲಿ ಹಾರುವ ಸೀರೆಯ ಸೆರಗು ಕಂಡಿರಲೇಬೇಕು. ಆ ದಿನದ ಅಳತೆ ಅವರು ಎಂದಿನಂತೆಯೇ ಬರೆದುಕೊಂಡರು, ಆದರೆ ದೇರಪ್ಪ ಉಂಡು ಕೈ ತೊಳೆಯುವವರೆಗೆ ಕನ್ನಡಿ ಮಿನುಗಿಸಲಿಲ್ಲ.